ವಿಮರ್ಶಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ ಎರಡು ಹಳೆ ಸಿನಿಮಾ

‘ಕಾಸಾಬ್ಲಾಂಕಾ’ (1942) ಯುದ್ಧದ ನಡುವೆ ಕೈತಪ್ಪಿದ ಪ್ರೀತಿಯ ಕಥೆ. ‘ಸನ್‌ಸೆಟ್ ಬುಲೆವಾರ್ಡ್’ (1950) ಜನ ಮರೆತುಬಿಟ್ಟ ಮೂಕಿ ಕಾಲದ ತಾರೆಯ ಕಥೆ. ಇವುಗಳ ಬಗ್ಗೆ ಹೆಸರಾಂತ ವಿಮರ್ಶಕರು ಬರೆದದ್ದನ್ನು ಒಂದೊಂದಾಗಿ ಓದಿ, ಮತ್ತೆ ಸಿನಿಮಾ ಹಾಕಿಕೊಂಡು ಕೂತೆ. ಯಾರ ಮಾತು ನೋಡುವಾಗ ನಿಜಕ್ಕೂ ಕೆಲಸಕ್ಕೆ ಬರುತ್ತದೆ ಅಂತ ತಿಳಿಯುವ ಹುಕಿ, ಅಷ್ಟೇ.

ನ್ಯೂಯಾರ್ಕ್ ಟೈಮ್ಸ್‌ನ ಬಾಸ್ಲಿ ಕ್ರೌಥರ್ 1942ರ ನವೆಂಬರ್‌ನಲ್ಲೇ ಕಾಸಾಬ್ಲಾಂಕಾವನ್ನು ಮೈ ಜುಮ್ಮೆನ್ನುವ ಚಿತ್ರ ಎಂದು ಹೊಗಳಿದ್ದರು. ಅದೇ ತಿಂಗಳು ಮಿತ್ರಪಡೆಗಳು, ಕಾಸಾಬ್ಲಾಂಕಾ ನಗರ ಇರುವ ಉತ್ತರ ಆಫ್ರಿಕಾದಲ್ಲಿ ಇಳಿದಿದ್ದವು. ಆ ಹೊತ್ತಿನ ಬಿಸಿ ಅರ್ಥವಾಗುತ್ತದೆ, ಆದರೆ ಇವತ್ತು ನೋಡುವವರಿಗೆ ಆ ಹೊಗಳಿಕೆಯಿಂದ ಹೊಸದೇನೂ ಕಾಣುವುದಿಲ್ಲ. ಪಾಲಿನ್ ಕೇಲ್ ಇದಕ್ಕೆ ಉಲ್ಟಾ. ಇದು ದೊಡ್ಡ ಸಿನಿಮಾ ಏನಲ್ಲ, ಆದರೂ ಇದರ ಅಗ್ಗದ ಭಾವುಕತೆಗೆ ಒಂದು ಸೆಳೆತ ಇದೆ ಅಂದರು. ಸರಿ, ಆ ಸೆಳೆತ ಬಂದದ್ದೆಲ್ಲಿಂದ?

ಅದನ್ನು ಬಿಡಿಸಿ ಹೇಳಿದ್ದು ಇಟಲಿಯ ಲೇಖಕ ಉಂಬೆರ್ಟೊ ಎಕೊ. ಕಟ್ಟುನಿಟ್ಟಾಗಿ ಅಳೆದರೆ ಸಾಧಾರಣ ಚಿತ್ರ ಎಂದು ಅವರೂ ಒಪ್ಪುತ್ತಾರೆ. ಆದರೆ ಸವಕಲು ಸರಕು ಒಂದೆರಡಿದ್ದರೆ ನಗು ಬರುತ್ತದೆ, ನೂರು ಒಟ್ಟಿಗೆ ಸೇರಿದರೆ ಮನಸ್ಸು ಕರಗುತ್ತದೆ ಅನ್ನುವುದು ಅವರ ವಾದ. ಇದನ್ನು ತಲೆಯಲ್ಲಿಟ್ಟುಕೊಂಡು ಆ ಹಾಡಿನ ದೃಶ್ಯ ನೋಡಿ. ನಾಯಕ ರಿಕ್ ನಡೆಸುವ ಕೆಫೆಯಲ್ಲಿ ಜರ್ಮನ್ ಅಧಿಕಾರಿಗಳು ಹಾಡುತ್ತಿದ್ದಾರೆ. ನಾಜಿಗಳ ವಿರುದ್ಧ ಹೋರಾಡುವ ಲಾಜ್ಲೊ ವಾದ್ಯದವರಿಗೆ ಫ್ರಾನ್ಸ್‌ನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ಅವರು ರಿಕ್ ಕಡೆ ನೋಡುತ್ತಾರೆ, ಅವನು ಸುಮ್ನೆ ಹೂಂ ಅಂತ ತಲೆಯಾಡಿಸುತ್ತಾನೆ. ಲೆಕ್ಕ ಹಾಕಿದರೆ ಎಲ್ಲವೂ ಹಳೇ ಸರಕೇ. ಆದರೆ ಕಣ್ಣೀರು ಸುರಿಸುತ್ತಾ ಹಾಡುವ ಇವೊನ್ ಪಾತ್ರದ ಮಡೆಲಿನ್ ಲೆಬೋ, ನಿಜವಾಗಿಯೂ ಫ್ರಾನ್ಸ್ ಬಿಟ್ಟು ಓಡಿಬಂದವರು. ಆ ಮುಖದ ಮುಂದೆ ಎಕೊ ವಾದವೂ ಸ್ವಲ್ಪ ಸಾಲದು ಅನ್ನಿಸಿತು. ಆದರೂ ಈ ಮೂವರಲ್ಲಿ ನನ್ನ ವೋಟು ಅವರಿಗೇ.

ಸನ್‌ಸೆಟ್ ಬುಲೆವಾರ್ಡ್ ವಿಷಯದಲ್ಲಿ ಜೇಮ್ಸ್ ಏಜಿ ಹಾಲಿವುಡ್ ಕಸುಬುಗಾರಿಕೆಯನ್ನು ಮನಸಾರೆ ಮೆಚ್ಚಿದರು. ನ್ಯೂಯಾರ್ಕರ್ ಪತ್ರಿಕೆ ಗೇಲಿ ಮಾಡಿತು. ಎರಡನ್ನೂ ಓದಿ ಮುಂದಕ್ಕೆ ಹೋಗಬಹುದು. ನನ್ನನ್ನು ತಡೆದು ನಿಲ್ಲಿಸಿದ್ದು ನ್ಯೂಯಾರ್ಕ್ ಟೈಮ್ಸ್‌ನ ಥಾಮಸ್ ಪ್ರಯರ್ ತಕರಾರು. ಚಿತ್ರ ಅವರಿಗೆ ಇಷ್ಟವೇ, ಆದರೆ ಸತ್ತುಹೋದ ನಾಯಕ ಜೋ ಗಿಲ್ಲಿಸ್ ಬಾಯಲ್ಲಿ ಕಥೆ ಹೇಳಿಸಿದ್ದು ಹಿಡಿಸಲಿಲ್ಲ. ಪೂರ್ತಿ ತಳ್ಳಿಹಾಕುವ ಮಾತಲ್ಲ ಅದು. ನಿರ್ದೇಶಕ ಬಿಲ್ಲಿ ವೈಲ್ಡರ್ ಮೊದಲು ಶವಾಗಾರದಲ್ಲಿ ಹೆಣಗಳು ಮಾತಾಡುವ ದೃಶ್ಯವನ್ನೇ ಇಟ್ಟಿದ್ದರು. ಪ್ರಿವ್ಯೂನಲ್ಲಿ ಜನ ನಕ್ಕಿದ್ದಕ್ಕೆ ಕಿತ್ತುಹಾಕಿದರು. ಪ್ರಯರ್ ಹೇಳಿದಂತೆ ಜೋ ಗಿಲ್ಲಿಸ್‌ನ ದನಿ ಇಲ್ಲದೆ ಕಲ್ಪಿಸಿಕೊಂಡು ನೋಡಿದೆ. ಬರೀ ಕೊಲೆ ಕಥೆ ಉಳಿಯಿತು. ತನ್ನನ್ನೇ ಕುಟುಕಿಕೊಳ್ಳುವ ಆ ವ್ಯಂಗ್ಯ ಹೋದರೆ ರುಚಿಯೇ ಇಲ್ಲ.

ಎಲ್ಲರಿಗಿಂತ ಜಾಸ್ತಿ ಉಪಯೋಗಕ್ಕೆ ಬಂದವರು ರೋಜರ್ ಎಬರ್ಟ್. ಎಲ್ಲರೂ ಆ ಮರೆತ ತಾರೆ ನಾರ್ಮಾ ಪಾತ್ರದ ಗ್ಲೋರಿಯಾ ಸ್ವಾನ್ಸನ್ ಕಣ್ಣು, ಕೈಬೆರಳು ನೋಡುತ್ತಿದ್ದರೆ, ಇವರು ನಾರ್ಮಾಳ ಬಟ್ಲರ್ ಮ್ಯಾಕ್ಸ್ ಕಡೆ ಕೈ ತೋರಿಸುತ್ತಾರೆ. ಚಿತ್ರವನ್ನು ಹಿಡಿದಿಟ್ಟಿರುವುದು ಅವನೇ ಅಂತ. ಆಮೇಲೆ ಬೇರೆ ಕಡೆ ಕಣ್ಣು ಹೋಗಲೇ ಇಲ್ಲ. ಬಿಳಿ ಕೈಗವಸು ಹಾಕಿಕೊಂಡೇ ಆರ್ಗನ್ ನುಡಿಸುವ ಆ ಪಾತ್ರ ಮಾಡಿದವರು ಎರಿಕ್ ವಾನ್ ಸ್ಟ್ರೋಹೈಮ್. ಸ್ವಾನ್ಸನ್ ನಟಿಸಿದ್ದ ಮೂಕಿ ಚಿತ್ರವೊಂದನ್ನು ನಿಜಜೀವನದಲ್ಲಿ ಇವರೇ ನಿರ್ದೇಶಿಸಿದ್ದರು. ಮನೆಯಲ್ಲಿ ನಾರ್ಮಾ ನೋಡುವ ಹಳೇ ರೀಲು ಅದೇ ಚಿತ್ರದ್ದು.

ಒಂದೇ ಎಚ್ಚರಿಕೆ. ಎಬರ್ಟ್ ಬರಹವನ್ನು ಸಿನಿಮಾಗೆ ಮುಂಚೆ ಓದಬೇಡಿ, ಮ್ಯಾಕ್ಸ್ ಯಾರು ಅನ್ನುವ ಗುಟ್ಟು ಅಲ್ಲೇ ಬಯಲಾಗುತ್ತದೆ. ಎಕೊನನ್ನು ಯಾವಾಗ ಬೇಕಾದರೂ ಓದಿ.