ಸ್ಕ್ಯಾನರ್‌ನಿಂದ ನೇರ ಕ್ಲೌಡ್‌ಗೆ: ವೈಫೈ ಪೆನ್‌ಡ್ರೈವ್, ಪೈ 4, ಪೈ ಝೀರೋ 2 ಡಬ್ಲ್ಯೂ

ನನ್ನ ಸ್ಕ್ಯಾನರ್‌ಗೆ ವೈಫೈ ಇಲ್ಲ. ಪೆನ್‌ಡ್ರೈವ್ ಸಿಕ್ಕಿಸಿದರೆ ಅದಕ್ಕೆ ಪಿಡಿಎಫ್ ಬರೆಯುತ್ತದೆ, ಅಷ್ಟೇ. ಅಜ್ಜನ ಹಳೆಯ ಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಲು ಕೂತಾಗ, ಪ್ರತಿ ಸಲ ಪೆನ್‌ಡ್ರೈವ್ ಕಿತ್ತು ಕಂಪ್ಯೂಟರ್‌ಗೆ ಹಾಕಿ ಕ್ಲೌಡ್‌ಗೆ ಏರಿಸುವುದು ಸಾಕಾಗಿ ಹೋಯಿತು. ಮೂರು ದಾರಿ ನೋಡಿದೆ. ಈಗ ಸ್ಕ್ಯಾನರ್‌ಗೆ ಅಂಟಿಕೊಂಡಿರುವುದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಅದನ್ನು ತೆಗೆಯುವ ಯೋಚನೆಯೇ ಇಲ್ಲ.

ಮೊದಲು ಕೊಂಡದ್ದು ವೈಫೈ ಇರುವ ಪೆನ್‌ಡ್ರೈವ್. ಅದು ದುಡ್ಡು ದಂಡ. ಯುಎಸ್‌ಬಿಗೆ ಸಿಕ್ಕಿಸಿದ ಕೂಡಲೇ ಅದರ ವೈಫೈ ಆಫ್ ಆಗುತ್ತದೆ. ಕಿತ್ತ ಮೇಲೆ ಫೋನನ್ನು ಅದರದೇ ವೈಫೈಗೆ ಜೋಡಿಸಿ, ಅದರದೇ ಆ್ಯಪ್ ತೆರೆದು ಫೈಲ್ ಎಳೆದುಕೊಳ್ಳಬೇಕು. ಹೇಗೂ ಕಿತ್ತು ಕೈಯಲ್ಲಿ ಹಿಡಿಯಬೇಕು ಅಂದ ಮೇಲೆ ಮಾಮೂಲಿ ಪೆನ್‌ಡ್ರೈವ್ ಸಾಕಲ್ವಾ?

ಮನೆಯಲ್ಲಿದ್ದ ಪೈ 4, ಅಂದರೆ ಅದೇ ಬಳಗದ ದೊಡ್ಡ ಬೋರ್ಡ್, ಕೂಡ ಯುಎಸ್‌ಬಿ-ಸಿ ಪೋರ್ಟಿನ ಮೂಲಕ ಪೆನ್‌ಡ್ರೈವ್ ವೇಷ ಹಾಕಬಲ್ಲದು. ಆದರೆ ಅದಕ್ಕೆ ಹೇಳಿರುವ ಅಡಾಪ್ಟರ್ 3 ಆಂಪಿಯರಿನದು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ನನ್ನ ಸ್ಕ್ಯಾನರ್‌ನಲ್ಲಿ ಅದು ಮತ್ತೆ ಮತ್ತೆ ರೀಸ್ಟಾರ್ಟ್ ಆಯಿತು. ಅಲ್ಲಿಗೇ ಬಿಟ್ಟೆ.

ಝೀರೋ 2 ಡಬ್ಲ್ಯೂ 2021ರಲ್ಲಿ ಬಂದ ಬೋರ್ಡ್. 512 ಎಂಬಿ ಮೆಮೊರಿ ಈ ಕೆಲಸಕ್ಕೆ ಧಾರಾಳ. ನನ್ನ ಸ್ಕ್ಯಾನರ್‌ನ ಪೋರ್ಟಿನಿಂದಲೇ ಕರೆಂಟ್ ತೆಗೆದುಕೊಂಡು ನಡೆಯುತ್ತದೆ. ಅದರಲ್ಲಿ ಎರಡು ಮೈಕ್ರೋ ಯುಎಸ್‌ಬಿ ಪೋರ್ಟ್ ಇವೆ. ಅಂಚಿನದು ಬರೀ ಪವರ್‌ಗೆ, ಕೇಬಲ್ ಹಾಕಬೇಕಾದದ್ದು ಅದರ ಪಕ್ಕದ್ದಕ್ಕೆ. ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್ ನಡೆಯದು. ಪೈಯ ಕಾನ್ಫಿಗ್ ಫೈಲಿನಲ್ಲಿ ಡಿಡಬ್ಲ್ಯೂಸಿ2 ಓವರ್‌ಲೇ (ಪೈ ಇನ್ನೊಂದು ಯಂತ್ರಕ್ಕೆ ಯುಎಸ್‌ಬಿ ಸಾಧನದಂತೆ ಕಾಣಲು ಬೇಕಾದ ಸೆಟ್ಟಿಂಗ್) ಸೇರಿಸಿ, 8 ಜಿಬಿಯ ಒಂದು ಖಾಲಿ ಫೈಲ್ ಮಾಡಿ, ಅದನ್ನು ಪೆನ್‌ಡ್ರೈವ್‌ಗಳ ಮಾಮೂಲಿ ಫಾರ್ಮ್ಯಾಟ್ ಆದ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಫೈಲನ್ನು ಪೆನ್‌ಡ್ರೈವ್ ಆಗಿ ತೋರಿಸುವ ಜಿ_ಮಾಸ್_ಸ್ಟೋರೇಜ್ ಮಾಡ್ಯೂಲ್‌ಗೆ ಕೊಟ್ಟರೆ ಆಯಿತು. ಸ್ಕ್ಯಾನರ್ ಕಣ್ಣಿಗೆ ಅದು ಪೆನ್‌ಡ್ರೈವ್.

ಇಲ್ಲಿಯವರೆಗೆ ಒಂದು ಸಂಜೆಯ ಕೆಲಸ. ಮುಂದಿನದ್ದು ಎರಡು ವಾರ ತಿಂದಿತು.

ಪೆನ್‌ಡ್ರೈವ್ ಅಂದರೆ ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್ ಅಲ್ಲ. ಅದರ ಮೇಲೆ ಯಾವ ಫೈಲ್ ಎಲ್ಲಿದೆ, ಎಲ್ಲಿ ಜಾಗ ಖಾಲಿ ಇದೆ ಅನ್ನುವ ಲೆಕ್ಕ ಇಡುವುದು ಅದನ್ನು ಸಿಕ್ಕಿಸಿಕೊಂಡ ಯಂತ್ರ. ಆ ಲೆಕ್ಕ ಯಂತ್ರದ ಮೆಮೊರಿಯಲ್ಲೂ ಇರುತ್ತದೆ. ನಾನು ಇದನ್ನು ಯೋಚಿಸದೆ, ಪೈ ಒಳಗೂ ಅದೇ ಫೈಲನ್ನು ಮೌಂಟ್ ಮಾಡಿ, ಅಂದರೆ ಡ್ರೈವ್‌ನಂತೆ ತೆರೆದು, ಕ್ಲೌಡ್‌ಗೆ ಹೋದ ಪಿಡಿಎಫ್‌ಗಳನ್ನು ಅಲ್ಲಿಂದ ಅಳಿಸುವ ಹಾಗೆ ಮಾಡಿದ್ದೆ. ಪೈ ಅಳಿಸಿದ್ದು ಸ್ಕ್ಯಾನರ್‌ಗೆ ಗೊತ್ತಿಲ್ಲ. ಅದು ತನ್ನ ಹಳೆಯ ಲೆಕ್ಕದ ಪ್ರಕಾರವೇ ಬರೆಯುತ್ತಾ ಹೋಯಿತು. ಅತ್ತ ಸ್ಕ್ಯಾನರ್ ಬರೆದದ್ದು ಪೈಗೆ ಕಾಣುತ್ತಿಲ್ಲ. ಒಂದು ರಾತ್ರಿ ಸ್ಕ್ಯಾನ್ ಮಾಡಿದ ಮೂವತ್ತು ಪತ್ರಗಳಲ್ಲಿ ಅರ್ಧದಷ್ಟು ತೆರೆಯಲೇ ಇಲ್ಲ. ಫೈಲ್‌ಗಳ ಹೆಸರೂ ಕಲಸಿಹೋಗಿದ್ದವು. ಮೂಲ ಕಾಗದ ಕೈಯಲ್ಲೇ ಇತ್ತು, ಅದೇ ಸಮಾಧಾನ.

ಈಗ ಬರೆಯುವ ಹಕ್ಕು ಸ್ಕ್ಯಾನರ್‌ಗೆ ಮಾತ್ರ. ಸಣ್ಣ ಸ್ಕ್ರಿಪ್ಟ್ ಒಂದು ಆ 8 ಜಿಬಿ ಫೈಲ್ ಕೊನೆಗೆ ಬದಲಾದ ಸಮಯ ನೋಡುತ್ತಿರುತ್ತದೆ. ಬದಲಾಗಿ, ಆಮೇಲೆ ಒಂದು ನಿಮಿಷ ಸುಮ್ಮನಿದ್ದರೆ, ಓದಲು ಮಾತ್ರ ಅನ್ನುವಂತೆ ಹೊಸದಾಗಿ ಮೌಂಟ್ ಮಾಡಿ, ಕ್ಲೌಡ್‌ಗೆ ಫೈಲ್ ಕಳಿಸುವ ಆರ್‌ಕ್ಲೋನ್ ಎಂಬ ಪ್ರೋಗ್ರಾಂನಿಂದ ಕ್ಲೌಡ್‌ಗೆ ಕಳಿಸಿ, ಅನ್‌ಮೌಂಟ್ ಮಾಡುತ್ತದೆ. ಪ್ರತಿ ಸಲ ಹೊಸದಾಗಿ ಮೌಂಟ್ ಮಾಡಲೇಬೇಕು, ಇಲ್ಲದಿದ್ದರೆ ಪೈ ಹಳೆಯ ಪಟ್ಟಿಯನ್ನೇ ತೋರಿಸುತ್ತದೆ. ಜಾಗ ಖಾಲಿ ಮಾಡಬೇಕಾದಾಗ ಮೊದಲು ಮಾಡ್ಯೂಲ್ ತೆಗೆಯುತ್ತೇನೆ, ಫೈಲ್ ಮೌಂಟ್ ಮಾಡಿ ಪಿಡಿಎಫ್‌ಗಳನ್ನು ಅಳಿಸುತ್ತೇನೆ, ಅನ್‌ಮೌಂಟ್ ಮಾಡಿ ಮತ್ತೆ ಮಾಡ್ಯೂಲ್ ಹಾಕುತ್ತೇನೆ. ಸ್ಕ್ಯಾನರ್‌ಗೆ ಅದು ಪೆನ್‌ಡ್ರೈವ್ ಕಿತ್ತು ಸಿಕ್ಕಿಸಿದ ಹಾಗೆ.

ಇನ್ನೊಂದು ಮಾತು. ಆರ್‌ಕ್ಲೋನ್‌ನಲ್ಲಿ ಸಿಂಕ್ ಬೇಡ, ಕಾಪಿ ಬಳಸಿ. ಸಿಂಕ್ ಅಂದರೆ ಇಲ್ಲಿ ಇಲ್ಲದ್ದನ್ನು ಅಲ್ಲಿಂದಲೂ ಅಳಿಸುತ್ತದೆ. ಪೆನ್‌ಡ್ರೈವ್ ಖಾಲಿ ಮಾಡಿದ ದಿನ ಕ್ಲೌಡೂ ಖಾಲಿ!

ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ವೇಗ ಜಾಸ್ತಿ ಇಲ್ಲ. ಪಿಡಿಎಫ್‌ಗೆ ಸಾಕು, ದೊಡ್ಡ ವಿಡಿಯೋ ಕಳಿಸುವವರಿಗೆ ಬೇಸರ ಬಂದೀತು. ಫ್ಯಾಟ್32 ಆದ್ದರಿಂದ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. 2017ರ ಹಳೆಯ ಝೀರೋ ಡಬ್ಲ್ಯೂ ಇದ್ದರೆ ಅದೂ ನಡೆಯುತ್ತದೆ, ನಿಧಾನ ಅಷ್ಟೇ.

ದಿನವೂ ಕಂಪ್ಯೂಟರ್ ಮುಂದೆಯೇ ಸ್ಕ್ಯಾನ್ ಮಾಡುವವರಿಗೆ ಇದ್ಯಾವುದೂ ಬೇಡ, ಮಾಮೂಲಿ ಪೆನ್‌ಡ್ರೈವ್ ಸಾಕು. ನಾನು ಸ್ಕ್ಯಾನ್ ಮಾಡುವುದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಕಂಪ್ಯೂಟರ್ ಆನ್ ಮಾಡದೆ. ಹೊಸ ವೈಫೈ ಸ್ಕ್ಯಾನರ್ ಕೊಳ್ಳುವಷ್ಟು ದುಡ್ಡು ಈಗ ಇಲ್ಲ. ಈ ಬೋರ್ಡ್ ಅದರ ಬೆಲೆಯ ಸಣ್ಣ ಪಾಲಿಗೆ ಸಿಕ್ಕಿತು.

ಇನ್ನೂ ಎಚ್ಚರ ಬೇಕಾದದ್ದು ಸ್ಕ್ಯಾನರ್ ಆಫ್ ಮಾಡುವಾಗ. ಅದು ಆಫ್ ಆದರೆ ಪೈಗೂ ಕರೆಂಟ್ ಹೋಗುತ್ತದೆ, ಪೈಯ ಮೆಮೊರಿ ಕಾರ್ಡ್ ಕೆಡಬಹುದು. ಅದಕ್ಕೇ ಅಪ್‌ಲೋಡ್ ನಡೆಯುವಷ್ಟು ಹೊತ್ತು ಬೋರ್ಡಿನ ಹಸಿರು ದೀಪ ಮಿನುಗುವಂತೆ ಮಾಡಿದ್ದೇನೆ. ಅದು ನಿಂತ ಮೇಲೆ ಫೋನಿನಿಂದ ಪೈ ಶಟ್‌ಡೌನ್ ಮಾಡಿ, ಆಮೇಲೆ ಸ್ಕ್ಯಾನರ್ ಸ್ವಿಚ್ ಮುಟ್ಟುತ್ತೇನೆ.