ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಹಳೇ ಫ್ಲ್ಯಾಟ್, ಕಾಸರಗೋಡು: ಬಾಡಿಗೆಗೆ ಹೋಗುವ ಮೊದಲು ಓದಿ

ಮೂರನೇ ಮಹಡಿಯಲ್ಲಿ ಎರಡು ವರ್ಷ ಇದ್ದೆವು. ಗಾಳಿ ಬೆಳಕು ಚೆನ್ನಾಗಿದೆ, ಬಾಡಿಗೆಯೂ ಜಾಸ್ತಿ ಅಲ್ಲ. ಆದರೆ ಇರುವುದು ಒಂದೇ ಮೆಟ್ಟಿಲು, ಅದರ ಕೆಳಗೇ ಮೀಟರ್ ಬೋರ್ಡ್, ಅದಕ್ಕೆ ತಾಗಿಕೊಂಡು ಹಳೇ ಹಾಸಿಗೆ, ರಟ್ಟಿನ ಪೆಟ್ಟಿಗೆಗಳ ರಾಶಿ. ಅಲ್ಲಿ ಕಿಡಿ ಹಾರಿದರೆ ಹೊಗೆಯೆಲ್ಲ ಮೆಟ್ಟಿಲಲ್ಲೇ ಮೇಲೇರುತ್ತದೆ, ನಾವು ಇಳಿಯುವುದು ಎಲ್ಲಿಂದ? ಟೆರೇಸಿನ ಬಾಗಿಲಿಗೂ ಬೀಗ. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಬಿಟ್ಟು ಕೆಂಪಿಗೆ ಇಳಿದಿದೆ, ಅಂದರೆ ಒಳಗೆ ಒತ್ತಡ ಸಾಕಷ್ಟಿಲ್ಲ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಬೋರ್ಡಿನಿಂದ ಚಟಚಟ ಸದ್ದು ಬಂದಾಗ ಮಾಲಕರಿಗೆ ಫೋನ್ ಮಾಡಿದೆ. "ನೋಡುವಾ" ಅಂದರು, ಬರಲೇ ಇಲ್ಲ. ಅತ್ತೆಗೆ ಮಂಡಿನೋವು ಬೇರೆ, ನನಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಕೊನೆಗೆ ಮನೆ ಬಿಟ್ಟೆವು. ಹೊರಡುವಾಗ ಪಕ್ಕದ ಮನೆಯವರ ಬಾಗಿಲ ಹಿಂದೆ ಅಗ್ನಿಶಾಮಕ ದಳದ ನಂಬರ್ 101 ಅಂತ ದೊಡ್ಡದಾಗಿ ಬರೆದು ಅಂಟಿಸಿ ಬಂದೆ.