ಮರದ ಬೇಲಿ ಕಿಟ್: ಪ್ಯಾನೆಲ್ ಚೆನ್ನಾಗಿದೆ, ಕಂಬ ಮಾತ್ರ ಬೇರೆ ತನ್ನಿ

ಬಡಗಿ ಬೇಕಿಲ್ಲ, ಹಿತ್ತಲಿಗೆ ನೀವೇ ಬೇಲಿ ಹಾಕಿಕೊಳ್ಳಿ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಕಿಟ್ ಇದು. ಕಂಪನಿ ಹೆಸರು ಬೇಡ ಬಿಡಿ, ಇಂಥ ಕಿಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. 6 ಅಡಿ ಎತ್ತರ, 6 ಅಡಿ ಅಗಲದ ರೆಡಿಮೇಡ್ ಪ್ಯಾನೆಲ್‌ಗಳು, ಕಂಬಗಳು, ಕಂಬವನ್ನು ನೆಲಕ್ಕೆ ಹಿಡಿಸಲು ಕಬ್ಬಿಣದ ಗೂಟಗಳು, ಒಂದು ಚೀಲ ಸ್ಕ್ರೂ, ಒಂದು ಸಣ್ಣ ಗೇಟು, ಮಡಚಿದ ಒಂದೇ ಒಂದು ಹಾಳೆ ಮ್ಯಾನ್ಯುಯಲ್. ಗೋಡೆಗೆ ಒಂದು ಶೆಲ್ಫ್ ಹೊಡೆದಿದ್ದು ಬಿಟ್ಟರೆ ನನಗೆ ಮರಗೆಲಸದ ಅನುಭವ ಇಲ್ಲ, ಆದ್ದರಿಂದ ಈ ವಿಮರ್ಶೆ ಹೊಸಬರಿಗೇ.

ಮೊದಲು ಒಳ್ಳೆಯದು ಹೇಳುತ್ತೇನೆ. ಪ್ಯಾನೆಲ್‌ಗಳು ನಿಜಕ್ಕೂ ಚೆನ್ನಾಗಿವೆ. ಮೇಲೆ, ನಡುವೆ, ಕೆಳಗೆ ಅಂತ ಮೂರು ಅಡ್ಡಪಟ್ಟಿ ಇದೆ, ಹಲಗೆಗಳು ಸೊಟ್ಟ ಇಲ್ಲ, ಗಂಟುಗಳೂ ಕಡಿಮೆ. ನನಗೆ ತುಂಬಾ ಹಿಡಿಸಿದ್ದು ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಸ್ವಲ್ಪ ಹತ್ತಿ ಕೂತಿರುವುದು. ಕೊಳೆಯದಂತೆ, ಗೆದ್ದಲು ಹಿಡಿಯದಂತೆ ಔಷಧಿ ಹಾಕಿದ ಮರ ಬರುವಾಗ ಇನ್ನೂ ಹಸಿಯಾಗಿರುತ್ತದೆ, ಒಣಗುತ್ತಾ ಅಗಲದಲ್ಲಿ ಕುಗ್ಗುತ್ತದೆ. ಹಲಗೆಗಳನ್ನು ಪಕ್ಕಪಕ್ಕಕ್ಕೆ ಒತ್ತಿ ಹೊಡೆದಿದ್ದರೆ ಬಿಸಿಲು ಹತ್ತಿದ ಮೇಲೆ ಬೆರಳು ತೂರುವಷ್ಟು ಸಂದಿ ಬೀಳುತ್ತಿತ್ತು. ಇಲ್ಲಿ ಆ ತಲೆನೋವಿಲ್ಲ.

ಈಗ ಗೂಟದ ವಿಷಯ. ಸುಮ್ನೆ ಸುತ್ತಿಗೆಯಲ್ಲಿ ಬಡಿದು ಇಳಿಸಿ, ಕಂಬ ಸಿಕ್ಕಿಸಿ, ಕಾಂಕ್ರೀಟ್ ಬೇಡ, ಗುಂಡಿ ಬೇಡ ಅನ್ನುತ್ತದೆ ಮ್ಯಾನ್ಯುಯಲ್. ಕೇಳಲು ಎಷ್ಟು ಚೆಂದ ಅಲ್ವಾ? ಒಂದನ್ನು ಹೇಳಿದ ಹಾಗೇ ಬಡಿದು ಕಂಬ ನಿಲ್ಲಿಸಿ ನೋಡಿದೆ. ಒಂದು ಕೈಯಲ್ಲಿ ತಳ್ಳಿದರೆ ತುದಿ ಅತ್ತಿತ್ತ ಆಡುತ್ತಿತ್ತು, ಅದೂ ಪ್ಯಾನೆಲ್ ಇನ್ನೂ ಹಾಕದೆ. ಬಡಿಯುವಾಗ ಒಂದು ಕಲ್ಲು ಅಡ್ಡ ಬಂದರೆ ಸಾಕು, ಗೂಟ ತಿರುಚಿಕೊಳ್ಳುತ್ತದೆ, ಆಮೇಲೆ ಕಂಬ ನೆಟ್ಟಗೆ ನಿಲ್ಲುವ ಮಾತೇ ಇಲ್ಲ. ಸೊಂಟದೆತ್ತರದ ಬೇಲಿಗೆ, ಗಟ್ಟಿ ಮಣ್ಣಿನಲ್ಲಿ ಇವು ನಡೆಯಬಹುದು. ಆದರೆ 6 ಅಡಿ ಎತ್ತರದ, ಸಂದಿಯೇ ಇಲ್ಲದ ಪ್ಯಾನೆಲ್ ಅಂದರೆ 36 ಚದರ ಅಡಿ, ಬಿರುಗಾಳಿಯಲ್ಲಿ ಕೊಡೆ ಬಿಚ್ಚಿ ಹಿಡಿದ ಹಾಗೆ. ಆ ಬಲವೆಲ್ಲ ಬೀಳುವುದು ಕಂಬದ ಬುಡದ ಮೇಲೆ. ಬೇಲಿ ಬಿದ್ದರೆ ಸಾಮಾನ್ಯವಾಗಿ ಬುಡದಲ್ಲೇ ಬೀಳುತ್ತದೆ, ಹಲಗೆಯಲ್ಲಿ ಅಲ್ಲ. ಅಂಥ ಜಾಗದಲ್ಲೇ ಉಳಿತಾಯ ಮಾಡಿ ಹೊಸಬರಿಗೆ ಮಾರುತ್ತಾರೆ, ನನ್ನ ಸಿಟ್ಟು ಅದಕ್ಕೇ. ಗೂಟ ಕೊಡುತ್ತಾರೆ ಅಂತ ಕಂಬವನ್ನೂ ಗಿಡ್ಡ ಮಾಡಿದ್ದಾರೆ, ಹೂಳೋಣ ಅಂದರೆ ಉದ್ದ ಸಾಲದು.

ಹಾಗಾಗಿ ಕಿಟ್ಟಿನ ಕಂಬಗಳನ್ನು ಪಕ್ಕಕ್ಕಿಟ್ಟು ಅದೇ ದಪ್ಪದ 9 ಅಡಿ ಕಂಬ ಬೇರೆ ತಂದೆ. ನೆಲದ ಮೇಲಿನ ಎತ್ತರದ ಮೂರನೇ ಒಂದು ಭಾಗವಾದರೂ ನೆಲದೊಳಗೆ ಇರಬೇಕು, ಅಂದರೆ 6 ಅಡಿಗೆ ಕನಿಷ್ಠ 2 ಅಡಿ. ಚಳಿಗೆ ನೆಲ ಹೆಪ್ಪುಗಟ್ಟುವ ಕಡೆ ಇನ್ನೂ ಆಳ ಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿದ ಮಣ್ಣು ಕಂಬವನ್ನೇ ಮೇಲಕ್ಕೆತ್ತುತ್ತದೆ. ತರುವಾಗ ನೆಲದೊಳಗೆ ಹೂಳಲು ಔಷಧಿ ಹಾಕಿದ ಕಂಬ ಅಂತಲೇ ಕೇಳಿ, ಯಾಕೆಂದರೆ ನೆಲದ ಮೇಲಿನ ಬಳಕೆಗೆ ಅಂತ ಬರುವುದರಲ್ಲಿ ಔಷಧಿ ಕಡಿಮೆ ಇರುತ್ತದೆ, ನೋಡಲು ಎರಡೂ ಒಂದೇ ಥರ. ಕತ್ತರಿಸಿದ ತುದಿಯನ್ನು ಯಾವತ್ತೂ ಕೆಳಗೆ ಹಾಕಬೇಡಿ. ಔಷಧಿ ಮರದ ಒಳತನಕ ಪೂರ್ತಿ ಇಳಿದಿರುವುದಿಲ್ಲ, ಕತ್ತರಿಸಿದ ಕಡೆಯಿಂದಲೇ ಕೊಳೆತ, ಗೆದ್ದಲು ಶುರುವಾಗುತ್ತದೆ. ಹೆಚ್ಚಿಗೆ ಇರುವ ಉದ್ದವನ್ನು ಕೊನೆಯಲ್ಲಿ ಮೇಲಿನಿಂದ ಒಂದೇ ಮಟ್ಟಕ್ಕೆ ಕತ್ತರಿಸಿ ಅಲ್ಲಿಗೆ ಔಷಧಿ ಬಳಿದರೆ ಆಯಿತು.

ಅಗೆಯುವ ಮುಂಚೆ ನೆಲದೊಳಗೆ ಕರೆಂಟ್ ವೈರು, ನೀರಿನ ಪೈಪು, ಗ್ಯಾಸ್ ಲೈನು ಎಲ್ಲಿ ಹೋಗಿದೆ ತಿಳಿದುಕೊಳ್ಳಿ. ಗಡಿ ಎಲ್ಲಿದೆ ಅಂತ ಪಕ್ಕದ ಮನೆಯವರ ಜೊತೆ ನಿಂತು ಖಚಿತ ಮಾಡಿಕೊಳ್ಳಿ. ಮ್ಯಾನ್ಯುಯಲ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಗುಂಡಿಯ ಅಗಲ ಕಂಬದ ಮೂರು ಪಟ್ಟು ಇರಲಿ, 4 ಇಂಚಿನ ಕಂಬಕ್ಕೆ ಸುಮಾರು 12 ಇಂಚು. ತಳಕ್ಕೆ 6 ಇಂಚು ಜಲ್ಲಿ ಹಾಕಬೇಕು, ಅದಕ್ಕೂ ಸೇರಿಸಿ ಗುಂಡಿ ಅಗೆಯಬೇಕು. ಕಂಬ ಆ ಜಲ್ಲಿಯ ಮೇಲೇ ಕೂರಬೇಕು, ಕಾಂಕ್ರೀಟ್ ಸುತ್ತಲೂ ಬರಬೇಕೇ ಹೊರತು ಅಡಿಯಲ್ಲಿ ಅಲ್ಲ. ಅಡಿಯಲ್ಲೂ ಕಾಂಕ್ರೀಟ್ ಹಾಕಿದರೆ ಅದು ಬಟ್ಟಲಾಗಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಕಂಬದ ಬುಡ ಒಣಗುವುದೇ ಇಲ್ಲ. ಮೇಲೆ ಕಾಂಕ್ರೀಟನ್ನು ನೆಲಕ್ಕಿಂತ ತುಸು ಎತ್ತರಿಸಿ, ಕಂಬದಿಂದ ಹೊರಕ್ಕೆ ಇಳಿಜಾರು ಮಾಡಿ. ಕಂಬ ನೆಟ್ಟಗಿದೆಯಾ ಅಂತ ನೋಡಲು ರಸಮಟ್ಟವನ್ನು ಒಂದೇ ಮುಖಕ್ಕೆ ಹಿಡಿದರೆ ಸಾಲದು, ಅಕ್ಕಪಕ್ಕದ ಎರಡು ಮುಖಕ್ಕೂ ಹಿಡಿಯಬೇಕು. ಕಾಂಕ್ರೀಟ್ ಗಟ್ಟಿಯಾಗುವ ತನಕ ಕಂಬ ಅಲುಗದಂತೆ ಎರಡು ಕಡೆ ಓರೆಯಾಗಿ ಆಸರೆ ಕೋಲು ಹೊಡೆದಿಡಿ.

ಮೊದಲು ಎಲ್ಲಾ ಕಂಬ ನೆಡಿ, ಆಮೇಲೆ ಪ್ಯಾನೆಲ್ ಹಾಕಿ ಅನ್ನುವ ಮ್ಯಾನ್ಯುಯಲ್ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ಬಿಡಿ ಹಲಗೆ ಹೊಡೆಯುವ ಬೇಲಿಗೆ ಅದು ಸರಿ, ಅಲ್ಲಿ ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ರೆಡಿಮೇಡ್ ಪ್ಯಾನೆಲ್‌ನ ಅಗಲವನ್ನು ನಾವು ಹಿಗ್ಗಿಸಲೂ ಆಗದು, ಕುಗ್ಗಿಸಲೂ ಆಗದು. ಎರಡು ಮೂಲೆಗೆ ದಾರ ಬಿಗಿಯಾಗಿ ಕಟ್ಟಿಕೊಂಡು, ಒಂದು ಕಂಬ, ಒಂದು ಪ್ಯಾನೆಲ್, ಮತ್ತೆ ಕಂಬ ಅಂತ ಸಾಗಿದರೆ ಅಂತರ ತಾನಾಗಿಯೇ ಸರಿ ಬರುತ್ತದೆ. ಕಾಂಕ್ರೀಟ್ ಹಸಿ ಇರುವಾಗ ಪ್ಯಾನೆಲ್ ಭಾರ ಕಂಬದ ಮೇಲೆ ಬೀಳದಂತೆ ಕೆಳಗೆ 2 ಇಂಚಿನ ಮರದ ತುಂಡು ಇಡಿ. ಆಮೇಲೆ ತೆಗೆದಾಗ ಅಷ್ಟೇ ಸಂದಿ ಉಳಿಯುತ್ತದೆ, ಹಲಗೆಯ ತುದಿ ಹಸಿ ಮಣ್ಣಿಗೆ ತಾಗುವುದಿಲ್ಲ. ಇದಕ್ಕೆ ಇನ್ನೊಬ್ಬರು ಜೊತೆಗೆ ಬೇಕೇ ಬೇಕು. ಒಬ್ಬರೇ ಮಾಡಬಹುದು ಅಂತ ಡಬ್ಬದ ಮೇಲಿರುವ ಚಿತ್ರವನ್ನು ನಂಬಬೇಡಿ!

ಸ್ಕ್ರೂ ಬಗ್ಗೆಯೂ ದೂರು ಇದೆ. ಚೀಲದಲ್ಲಿರುವುದು ಹೊಳೆಯುವ, ತೆಳು ಲೇಪದ ಮಾಮೂಲಿ ಸ್ಕ್ರೂ. ಈಗಿನ ಮರದ ಔಷಧಿಯಲ್ಲಿ ತಾಮ್ರ ಜಾಸ್ತಿ, ಅದು ತೇವದ ಜೊತೆ ಸೇರಿ ಇಂಥ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ದಪ್ಪ ಲೇಪದ್ದೋ ಸ್ಟೇನ್‌ಲೆಸ್ ಸ್ಟೀಲಿನದೋ ತನ್ನಿ. ಹಲಗೆಯ ತುದಿಗೆ ಹತ್ತಿರ ಹಾಕುವಾಗ ಮೊದಲು ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಸೀಳುತ್ತದೆ.

ಇಳಿಜಾರು ಹಿತ್ತಲಾದರೆ ಈ ಪ್ಯಾನೆಲ್‌ಗಳನ್ನು ಮೆಟ್ಟಿಲ ಥರ ಇಳಿಸುತ್ತಾ ಹೋಗಬೇಕು, ಓರೆ ಮಾಡಲು ಬರುವುದಿಲ್ಲ. ಬಣ್ಣಕ್ಕೆ ಅವಸರ ಬೇಡ. ಹಲಗೆ ಮೇಲೆ ನೀರು ಚಿಮುಕಿಸಿ ನೋಡಿ, ಹನಿ ಹಾಗೇ ನಿಂತರೆ ಮರ ಇನ್ನೂ ಹಸಿ ಇದೆ, ಹೀರಿಕೊಂಡರೆ ಬಳಿಯಬಹುದು.

ಗೇಟು ಪರವಾಗಿಲ್ಲ, ಕೀಲುಗಳು ದಪ್ಪ ಇವೆ, ಚಿಲಕವೂ ಗಟ್ಟಿ. ಆದರೆ ಚೌಕಟ್ಟಿಗೆ ಹೊಡೆಯುವ ಓರೆ ಪಟ್ಟಿ ಯಾವ ದಿಕ್ಕಿಗೆ ಅಂತ ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ. ಪಟ್ಟಿಯ ಕೆಳತುದಿ ಕೀಲಿನ ಕಡೆ ಇರಬೇಕು, ಮೇಲಿನ ತುದಿ ಚಿಲಕದ ಕಡೆ. ಆಗ ಗೇಟಿನ ಭಾರ ಪಟ್ಟಿಯಲ್ಲಿ ಇಳಿದು ಕೆಳಗಿನ ಕೀಲಿಗೆ ಹೋಗುತ್ತದೆ. ತಿರುಗಾಮುರುಗಾ ಹೊಡೆದರೆ ಆಸರೆ ಸಿಗದೆ ಚಿಲಕದ ಕಡೆ ಜೋತುಬಿದ್ದು ನೆಲ ಕೆರೆಯುತ್ತದೆ. ಗೇಟು ತೂಗುವ ಕಂಬವನ್ನು ಮಾತ್ರ ಉಳಿದವಕ್ಕಿಂತ ಆಳಕ್ಕೆ ಹೂಳಿ, ಸಾಧ್ಯವಾದರೆ ಇನ್ನೂ ದಪ್ಪದ್ದೇ ಹಾಕಿ, ಮತ್ತು ಕಾಂಕ್ರೀಟ್ ಪೂರ್ತಿ ಗಟ್ಟಿಯಾಗುವ ತನಕ ಅದಕ್ಕೆ ಗೇಟು ನೇತುಹಾಕಬೇಡಿ.